ಸಂಜೆ ನಾಲ್ಕರ ಖಾರ ಬನ್ನು ನಾಡಿನ ತಿಂಡಿಯೋ ಅಲ್ಲವೋ?

ತಿಂಡಿಟಿಪ್ಪಣಿ

ಹನ್ನೆರಡು ವರ್ಷಗಳಿಂದ ಊಟ ತಿಂಡಿಯ ಬಗ್ಗೆ ಬರೆಯುತ್ತಿದ್ದೇನೆ. ಹೋದ ತಿಂಗಳು ಒಂದು ಪತ್ರಿಕೆಯವರು ನಾಡಿನ ರುಚಿಯ ವಿಶೇಷ ಪುಟಕ್ಕೆ ಲೇಖನ ಕೇಳಿದರು. ನಾನು ನಮ್ಮ ಬೀದಿಯ ಬೇಕರಿಯ ಬಗ್ಗೆ ಬರೆದು ಕಳಿಸಿದೆ. ಮರುದಿನ ಫೋನು ಬಂತು. ‘ಚೆನ್ನಾಗಿದೆ ಮೇಡಂ, ಆದರೆ ಬನ್ನು ಬ್ರೆಡ್ಡು ನಮ್ಮದಲ್ಲವಲ್ಲ. ಒಬ್ಬಟ್ಟೋ ಕಡುಬೋ ಬರೆದುಕೊಡಿ.’ ಒಬ್ಬಟ್ಟು ಬರೆದುಕೊಟ್ಟೆ, ದುಡ್ಡೂ ಬಂತು. ಹೊಟ್ಟೆಯುರಿ ಮಾತ್ರ ಇಳಿದಿಲ್ಲ. ಅದಕ್ಕೇ ಇಲ್ಲಿ ತೋಡಿಕೊಳ್ಳುತ್ತಿದ್ದೇನೆ.

ಆ ಬೇಕರಿಯಲ್ಲಿ ಖಾರ ಬನ್ನಿನ ಟ್ರೇ ಹೊರಗೆ ಬರುವುದು ಸಂಜೆ ನಾಲ್ಕಕ್ಕೆ. ಮೂರೂಮುಕ್ಕಾಲಿಗೇ ಜನ ಬಂದು ನಿಂತಿರುತ್ತಾರೆ. ಸಾಲೇನೂ ಇರುವುದಿಲ್ಲ, ತಾವು ಬನ್ನಿಗಾಗಿ ಕಾಯುತ್ತಿಲ್ಲ ಎಂಬ ಮುಖಭಾವದಲ್ಲಿ ಒಬ್ಬರು ಮೊಬೈಲ್ ನೋಡುತ್ತಿರುತ್ತಾರೆ, ಇನ್ನೊಬ್ಬರು ಸ್ಕೂಟರಿನ ಕನ್ನಡಿ ಸರಿಮಾಡುತ್ತಿರುತ್ತಾರೆ. ವರ್ಷಗಟ್ಟಲೆ ಬೆಂದು ಕಪ್ಪಾದ ಟ್ರೇ ಕಟ್ಟೆಯ ಮೇಲೆ ಕೂತ ಕೂಡಲೇ ಎಲ್ಲರಿಗೂ ಒಟ್ಟಿಗೆ ಅವಸರ. ಬನ್ನುಗಳು ಒಂದಕ್ಕೊಂದು ಅಂಟಿಕೊಂಡೇ ಬೆಂದಿರುತ್ತವೆ. ಅಂಗಡಿಯವರು ಒಂದನ್ನು ಕಿತ್ತಾಗ ಪಕ್ಕದ ಗೋಡೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಡುತ್ತದೆ, ಒಳಗಿನಿಂದ ಈರುಳ್ಳಿಯ ಹಬೆ ಬರುತ್ತದೆ. ಮೇಲೆ ಸಿಕ್ಕಿಕೊಂಡ ಕರಿಬೇವಿನ ತುದಿ ಸುಟ್ಟು ಗರಿಗರಿ. ಮೊದಲ ತುತ್ತಿನಲ್ಲಿ ಸಿಹಿ, ನುಂಗುವಾಗ ಹಸಿಮೆಣಸಿನಕಾಯಿ. ಅದನ್ನೇ ಅಡ್ಡಡ್ಡ ಸೀಳಿ, ಬೆಣ್ಣೆ ಬಳಿದು, ಒಂದು ಹಿಡಿ ಕಾಂಗ್ರೆಸ್ ಕಡಲೆಕಾಯಿ ಬೀಜ ತುಂಬಿ ಕೊಟ್ಟರೆ ಆ ಹೊತ್ತಿಗೆ ನನಗೆ ಲೋಕದ ಮೇಲೆ ಯಾವ ದೂರೂ ಉಳಿಯುವುದಿಲ್ಲ.

ಚಿಕ್ಕಪೇಟೆಯಲ್ಲಿ ಎಚ್.ಎಸ್. ತಿರುಮಲಾಚಾರ್ ಅವರು ಬೆಂಗಳೂರು ಬ್ರದರ್ಸ್ ಬೇಕರಿ ಆರಂಭಿಸಿದ್ದು 1898ರಲ್ಲಿ. ಮೊದಲು ಅದು ಸಿಹಿತಿಂಡಿಯ ಅಂಗಡಿ. ಅಲ್ಲಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷ್ ಗಿರಾಕಿ ಬ್ರೆಡ್ಡು ಮಾಡುವುದನ್ನು ಕಲಿಸಿಕೊಟ್ಟ ಎಂದು ಹೇಳುತ್ತಾರೆ. ಅಲ್ಲಿಂದ ಲೆಕ್ಕ ಹಾಕಿದರೆ ನೂರಿಪ್ಪತ್ತೈದು ವರ್ಷ ದಾಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ಮಾಡಿದ ರವೆ ಇಡ್ಲಿ ಇದಕ್ಕಿಂತ ನಲವತ್ತು ವರ್ಷ ಚಿಕ್ಕದು. ರವೆ ಇಡ್ಲಿ ಮನೆಮಗ, ಬೇಕರಿ ಮಾತ್ರ ಇನ್ನೂ ಬೀಗರ ಕಡೆಯವರೇ?

ರೊಟ್ಟಿಬುತ್ತಿ

ನೀವು ಬನ್ನನ್ನು ವರ್ಣಿಸಿದ್ದು ಓದಿ ನನಗೂ ಹಸಿವಾಯಿತು, ಅದು ಬೇರೆ ಮಾತು. ಆದರೆ ಸಂಪಾದಕರು ಹೇಳಿದ್ದರಲ್ಲಿ ತಪ್ಪೇನಿದೆ ಮೇಡಂ? ಬೆಂಗಳೂರಿನವರು ನಾಡು ಎಂದರೆ ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಎಂದುಕೊಂಡಿದ್ದೀರಿ. ನಾನು ವಿಜಯಪುರದವನು. ನಮ್ಮ ಕಡೆ ಹಿಟ್ಟು ಬೇಯಿಸುವ ಕಸುಬುದಾರರು ಎಂದರೆ ಓಣಿಯಲ್ಲಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ರೊಟ್ಟಿ ಹೋಗುವುದು ಅವರ ಕೈಯಿಂದ. ಅವರಿಗೆ ಬೋರ್ಡಿಲ್ಲ, ಗಾಜಿನ ಪೆಟ್ಟಿಗೆಯಿಲ್ಲ. ಅದಕ್ಕೇ ಯಾರೂ ಅವರನ್ನು ‘ಸ್ಥಳೀಯ ಬೇಕರ್’ ಎಂದು ಮೆಚ್ಚಿ ಬರೆಯುವುದಿಲ್ಲ.

ನಮ್ಮ ಅವ್ವ ರೊಟ್ಟಿ ಮಾಡುವುದನ್ನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಗೋಧಿಯ ಹಾಗೆ ಜೋಳದ ಹಿಟ್ಟಿಗೆ ತನ್ನದೇ ಅಂಟಿಲ್ಲ. ಕುದಿಯುವ ಎಸರು ಹಾಕಿ, ಬಿಸಿ ತಾಳುವಷ್ಟಾದ ಮೇಲೆ ಅಂಗೈಯಿಂದ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. ಆಮೇಲೆ ಬಡಿತ. ಬಡಿಯುತ್ತಿದ್ದ ಹಾಗೆ ರೊಟ್ಟಿ ತಾನೇ ಸುತ್ತುತ್ತದೆ, ಅಂಚು ಸೀಳುವುದಿಲ್ಲ. ಹಂಚಿಗೆ ಹಾಕಿ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಕ್ಷಣ ನೋಡಿ ತಿರುವಬೇಕು. ಒಂದು ಉಸಿರು ತಡವಾದರೆ ಉಬ್ಬುವುದಿಲ್ಲ. ಪಕ್ಕದ ಮನೆಯಿಂದ ಬರುವ ಬಡಿತದ ಸದ್ದು ಕೇಳಿಯೇ ಅವ್ವ ‘ಆಕೆಯ ಹಿಟ್ಟು ಇವತ್ತು ತೆಳುವಾಗಿದೆ’ ಎನ್ನುತ್ತಿದ್ದಳು. ಖಡಕ್ ರೊಟ್ಟಿಯಾದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನಾಡಿನ ರುಚಿ ಎಂದರೆ ಇದು. ಮೈದಾ ಬನ್ನಿಗೆ ಅದರ ಪಕ್ಕದಲ್ಲಿ ಎಲೆ ಹಾಕುವುದು ನನಗೆ ಸರಿಕಾಣದು.

ಭಟ್ಟಿಮನೆ

ನಾನು ಬೇಕರಿಯಲ್ಲೇ ಬೆಳೆದವನು. ಮೈದಾ ಮೂಟೆಗಳ ಮೇಲೆ ಕುಳಿತು ಮಗ್ಗಿ ಕಲಿತಿದ್ದೇನೆ. ಆದ್ದರಿಂದ ಎರಡೂ ಕಡೆಯವರು ನನ್ನ ಮಾತು ಸ್ವಲ್ಪ ಕೇಳಬೇಕು.

ತಂದೆಯವರು ಚನ್ನರಾಯಪಟ್ಟಣದ ಕಡೆಯವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಬೆಂಗಳೂರಿನ ಒಂದು ಅಯ್ಯಂಗಾರ್ ಬೇಕರಿಗೆ ಟ್ರೇ ತೊಳೆಯಲು ಸೇರಿದರು. ಇಪ್ಪತ್ತು ವರ್ಷದ ನಂತರ ಸ್ವಂತ ಅಂಗಡಿ ಹಾಕಿದಾಗ ಬೋರ್ಡಿನ ಮೇಲೆ ಅಯ್ಯಂಗಾರ್ ಬೇಕರಿ ಎಂದೇ ಬರೆಸಿದರು. ನಾವು ಅಯ್ಯಂಗಾರರಲ್ಲ. ‘ಕಲಿತದ್ದು ಅಲ್ಲಿ, ಅದಕ್ಕೇ ಆ ಹೆಸರು’ ಎನ್ನುತ್ತಾರೆ. ಗಿರಾಕಿಗಳು ಮೊಟ್ಟೆ ಹಾಕಿಲ್ಲ ಎಂದು ನಂಬುತ್ತಾರೆ ಎಂಬ ಲೆಕ್ಕಾಚಾರವೂ ಇತ್ತು, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಉಡುಪಿ ಹೋಟೆಲ್ ಎಂಬುದು ಹೇಗೆ ಊರಿನ ಹೆಸರಾಗಿ ಉಳಿಯದೆ ಒಂದು ಬಗೆಯ ಹೋಟೆಲಿನ ಹೆಸರಾಯಿತೋ ಇದೂ ಹಾಗೆ.

ಈಗ ಒಲೆಯ ವಿಷಯ. ನಮ್ಮದು ಸೌದೆ ಭಟ್ಟಿ, ಇಟ್ಟಿಗೆಯದು, ಒಳಗೆ ತಗ್ಗಾದ ಕಮಾನು. ಬೆಂಕಿ ಹಾಕುವುದೂ ಅದರೊಳಗೆ, ಬನ್ನು ಇಡುವುದೂ ಅದರೊಳಗೆ. ರಾತ್ರಿ ಸೌದೆ ಉರಿಸಿ, ನಸುಕಿನಲ್ಲಿ ಕೆಂಡ ಬೂದಿ ಎಳೆದು ಹಾಕಿ, ಉದ್ದ ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ನೆಲ ಒರೆಸುತ್ತಿದ್ದರು. ಅಲ್ಲಿಂದ ಮುಂದೆ ಬೆಂಕಿಯಿಲ್ಲ, ಇಟ್ಟಿಗೆ ಹೀರಿಕೊಂಡ ಕಾವು ಮಾತ್ರ. ಅಳೆಯಲು ಮಾಪಕ ಇರಲಿಲ್ಲ. ತಂದೆಯವರು ಒಂದು ಚಿಟಿಕೆ ಮೈದಾ ಒಳಗೆ ಎರಚುತ್ತಿದ್ದರು. ಎರಚಿದ ಕೂಡಲೇ ಕಪ್ಪಾದರೆ ಇನ್ನೂ ಕಾಯಬೇಕು. ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಬ್ರೆಡ್ಡು, ಬನ್ನು ಒಳಗೆ ಹೋಗಬಹುದು. ಕಾವು ಒಂದು ಮೆಟ್ಟಿಲು ಇಳಿದಾಗ ದಿಲ್‌ಪಸಂದ್, ಕೇಕು. ಇನ್ನೂ ಇಳಿದಾಗ ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತು. ಕೊನೆಗೆ ಕೈ ಹಾಕಿದರೆ ಹಿತವೆನಿಸುವಷ್ಟು ಬಿಸಿ ಉಳಿದಾಗ ಹಿಂದಿನ ದಿನ ಮಾರಾಟವಾಗದ ಬ್ರೆಡ್ಡಿನ ಹೋಳುಗಳನ್ನು ಹರಡಿ ಬಾಗಿಲು ಮುಚ್ಚಿಬಿಡುವುದು. ಒಣಗಿ ರಸ್ಕ್ ಆಗುತ್ತಿತ್ತು. ಮಧ್ಯಾಹ್ನ ಮತ್ತೆ ಸಣ್ಣದಾಗಿ ಉರಿ ಹಾಕುತ್ತಿದ್ದದ್ದು ನಿಮ್ಮ ನಾಲ್ಕು ಗಂಟೆಯ ಬನ್ನಿಗೋಸ್ಕರ. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಇಷ್ಟೊಂದು ಬಗೆ ಏಕಿದೆ ಎಂದು ಕೇಳುತ್ತಾರೆ. ಇಳಿಯುವ ಕಾವಿನ ಒಂದು ಮೆಟ್ಟಿಲನ್ನೂ ವ್ಯರ್ಥ ಮಾಡಬಾರದು ಎಂಬ ಸೌದೆಯ ಲೆಕ್ಕವೂ ಅದರ ಹಿಂದೆ ಇದೆ.

ರೊಟ್ಟಿಬುತ್ತಿ ಅವರೇ, ನಿಮ್ಮ ಅವ್ವ ನೀರು ಆರುವ ಕ್ಷಣ ನೋಡುತ್ತಿದ್ದರು, ನಮ್ಮ ತಂದೆ ಮೈದಾ ಕಂದಾಗುವ ಕ್ಷಣ ನೋಡುತ್ತಿದ್ದರು. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಲು ನನಗೆ ಸಂಕೋಚವಿಲ್ಲ.

ಗೋಧಿನುಚ್ಚು

ಎಲ್ಲರೂ ಭಾವುಕರಾಗಿಬಿಟ್ಟಿರಿ. ನಾನು ಆಹಾರತಜ್ಞೆ, ನನ್ನ ಬಳಿಗೆ ಬರುವವರಲ್ಲಿ ಅರ್ಧ ಜನ ಸಂಜೆಯ ಬೇಕರಿ ಗಿರಾಕಿಗಳು. ಮೈದಾ, ಸಕ್ಕರೆ, ವನಸ್ಪತಿ ಮೂರನ್ನೂ ಕೂಡಿಸಿ ದಿನಾ ತಿನ್ನುವುದಕ್ಕೆ ಸಂಸ್ಕೃತಿ ಎಂದು ಹೆಸರಿಟ್ಟರೆ ರಕ್ತ ಪರೀಕ್ಷೆಯ ವರದಿ ಬದಲಾಗುವುದಿಲ್ಲ. ಹಿಟ್ಟು ಬೇಗ ಉಬ್ಬಿ ಗಟ್ಟಿಯಾಗಿ ನಿಲ್ಲಲೆಂದು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ನಿಷೇಧಿಸಿದ್ದು 2016ರಲ್ಲಿ. ಅಲ್ಲಿಯವರೆಗೆ ಅದನ್ನೂ ತಿಂದಿದ್ದೇವೆ. ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ 2ನ್ನು ಮೀರುವಂತಿಲ್ಲ ಎಂಬ ನಿಯಮ ಬಂದದ್ದು 2022ರ ಜನವರಿಯಲ್ಲಿ. ಖಾರ ಬಿಸ್ಕತ್ತು ಬಾಯಲ್ಲಿಟ್ಟರೆ ಕರಗುತ್ತಿತ್ತು ಎಂದು ಹಳಬರು ನೆನೆಯುತ್ತಾರಲ್ಲ, ಕರಗುತ್ತಿದ್ದದ್ದು ಏನೆಂದು ಯೋಚಿಸಿ.

ತಿನ್ನಲೇಬೇಡಿ ಎನ್ನುತ್ತಿಲ್ಲ. ವಾರಕ್ಕೊಮ್ಮೆ ತಿನ್ನಿ, ಬೆಣ್ಣೆಯದನ್ನೇ ಕೇಳಿ ತಿನ್ನಿ.

ತಿಂಡಿಟಿಪ್ಪಣಿ

ಗೋಧಿನುಚ್ಚು ಅವರ ಮಾತು ಚುಚ್ಚಿತು, ಏಕೆಂದರೆ ನಿಜ. ಬಾಲ್ಯದ ರುಚಿ ಎಂದು ನಾನೇ ಎಷ್ಟೋ ಸಲ ಬರೆದದ್ದರಲ್ಲಿ ಅರ್ಧ ವನಸ್ಪತಿಯ ರುಚಿ. ಅದನ್ನು ಬಚ್ಚಿಟ್ಟು ಬರೆಯುವುದು ಜಾಹೀರಾತಾಗುತ್ತದೆ. ಒಪ್ಪಿದೆ.

ಆದರೆ ರೊಟ್ಟಿಬುತ್ತಿ ಅವರೊಂದಿಗೆ ಜಗಳ ಮುಗಿದಿಲ್ಲ. ಜೋಳ ಹುಟ್ಟಿದ್ದು ಆಫ್ರಿಕಾದಲ್ಲಿ ಸರ್. ಸಾವಿರಾರು ವರ್ಷಗಳ ಹಿಂದೆ ಬಂತು, ಆದ್ದರಿಂದ ಈಗ ಅದರ ಪಾಸ್‌ಪೋರ್ಟನ್ನು ಯಾರೂ ಕೇಳುವುದಿಲ್ಲ. ನಿಮ್ಮ ಶೇಂಗಾ ಹಿಂಡಿಯ ಶೇಂಗಾ, ಅದರೊಳಗಿನ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಮೆಣಸಿನ ಹಾಗೆ ಖಾರವಾಗಿದ್ದ ಕಾಯಿಯನ್ನು ಕಂಡ ನಮ್ಮವರು ಮೆಣಸಿನಕಾಯಿ ಎಂದರು, ಅಷ್ಟೇ, ನಮ್ಮದಾಯಿತು. ಇವತ್ತು ಬ್ಯಾಡಗಿಯ ಹೆಸರಿಲ್ಲದೆ ಮೆಣಸಿನಕಾಯಿಯ ಮಾತೇ ಇಲ್ಲ. ಬನ್ನಿಗೂ ಅದೇ ಆಯಿತು ಎನ್ನುವುದು ನನ್ನ ವಾದ. ಇಂಗ್ಲಿಷಿನವರ ಸಪ್ಪೆ ಬನ್ನಿಗೆ ಒಗ್ಗರಣೆಯ ಸಾಮಾನು ಸೇರಿಸಿದ ಆ ಮೊದಲ ಕೈ ಯಾರದೋ, ಅದು ಅಡುಗೆಮನೆಯಲ್ಲಿ ಮಸಾಲೆ ರೊಟ್ಟಿ ತಟ್ಟಿದ್ದ ಕೈಯೇ ಇರಬೇಕು. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಜೀರಿಗೆ: ಪಟ್ಟಿ ಒಂದೇ ಅಲ್ಲವೇ?

ಹೆಸರುಗಳನ್ನೂ ನೋಡಿ. ನಾಮ ಹಾಕಿದ ಅಯ್ಯಂಗಾರರ ಅಂಗಡಿಯಲ್ಲಿ ದಿಲ್‌ಪಸಂದ್, ದಿಲ್‌ಖುಷ್, ದಮ್ ರೋಟ್. ಮನಸ್ಸಿಗೆ ಮೆಚ್ಚುಗೆಯಾದದ್ದು, ಮನಸ್ಸನ್ನು ಖುಷಿಪಡಿಸುವುದು ಎಂದು ಫಾರಸಿಯಲ್ಲಿ. ಹೈದರಾಬಾದಿನಲ್ಲಿ ಮೊಹರಂ ತಿಂಗಳಲ್ಲಿ ರವೆಯಿಂದ ಮಾಡುವ ದಮ್ ಕಾ ರೋಟ್ ನಮ್ಮ ಬೇಕರಿಗೆ ಬಂದು ಬೂದುಗುಂಬಳಕಾಯಿಯನ್ನು ಜೊತೆಗೆ ಸೇರಿಸಿಕೊಂಡಿತು. ತುರಿದ ಕುಂಬಳ, ಚಿರೋಟಿ ರವೆ, ಖೋವ, ತುಪ್ಪ. ಮೇಲೆ ಕಂದು ಚರ್ಮ, ಒಳಗೆ ಹಲ್ವದ ಹಾಗೆ ಮೆತ್ತಗೆ. ಮೈದಾ ಇಲ್ಲದ್ದು, ಗೋಧಿನುಚ್ಚು ಅವರ ಗಮನಕ್ಕೆ. ಸಕ್ಕರೆಯ ವಿಷಯ ಕೇಳಬೇಡಿ.

ಬಂದರುಕಟ್ಟೆ

ಬನ್ನಿನ ವಿಷಯದಲ್ಲಿ ಮಂಗಳೂರಿನವರನ್ನು ಯಾರೂ ಕರೆಯಲೇ ಇಲ್ಲವಲ್ಲ! ನಮ್ಮ ಬನ್ಸ್ ಭಟ್ಟಿಯ ಮುಖವನ್ನೇ ನೋಡಿಲ್ಲ. ಕಪ್ಪಾಗುವಷ್ಟು ಹಣ್ಣಾದ ಬಾಳೆಹಣ್ಣನ್ನು ಕಿವುಚಿ, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ಮೈದಾ ಕಲಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ದಪ್ಪ ಪೂರಿಯ ಹಾಗೆ ಲಟ್ಟಿಸಿ ಎಣ್ಣೆಗೆ ಬಿಡುವುದು. ಯಾರೋ ಎಂದೋ ಅದಕ್ಕೆ ಬನ್ಸ್ ಎಂದು ಹೆಸರಿಟ್ಟರು, ನಾವು ಒಂದನ್ನು ತಿಂದರೂ ಬನ್ಸ್ ಎಂದೇ ಹೇಳುತ್ತೇವೆ. ಬೆಂಗಳೂರಿನಿಂದ ಬಂದ ನೆಂಟರು ‘ಒಂದು ಬನ್ ಕೊಡಿ’ ಎಂದು ಕೇಳಿದರೆ ಹೋಟೆಲಿನವನು ‘ಬೇಕರಿಗೆ ಹೋಗಿ’ ಎನ್ನುವುದನ್ನು ನಾನೇ ಕೇಳಿದ್ದೇನೆ.

ಉಬ್ಬಿಸುವ ವಿದ್ಯೆ ನಮ್ಮಲ್ಲಿ ಬೇಕರಿಗಿಂತ ಹಳೆಯದು. ಕ್ರೈಸ್ತರ ಮನೆಗಳಲ್ಲಿ ಇಡ್ಲಿಯಂಥ ಸನ್ನಕ್ಕೆ ಅಕ್ಕಿಹಿಟ್ಟು ಹುಳಿಯಲು ಶೇಂದಿ ಹಾಕುತ್ತಿದ್ದರು. ಈಗ ಹೆಚ್ಚಿನವರು ಯೀಸ್ಟಿಗೆ ಇಳಿದಿದ್ದಾರೆ, ಆ ಸಣ್ಣ ಹುಳಿವಾಸನೆ ಹೋಯಿತು. ಡಿಸೆಂಬರಿನಲ್ಲಿ ನೆರೆಮನೆಯಿಂದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಬರುತ್ತದೆ. ಕಿಡಿಯೊ, ನೆವ್ರಿ, ಗುಳಿಯೊ, ಚಕ್ಕುಲಿ, ಒಂದು ತುಂಡು ಕೇಕು. ಕಿಡಿಯೊ ಸುರುಳಿಯ ಮೇಲೆ ಸಾಲು ಗೀರು ಮೂಡಿಸಲು ಹೊಸ ಬಾಚಣಿಗೆಯ ಹಲ್ಲುಗಳನ್ನು ಬಳಸುತ್ತಿದ್ದರು. ಅದಕ್ಕೆಂದೇ ತೆಗೆದಿಟ್ಟ ಬಾಚಣಿಗೆಯನ್ನು ಮುಟ್ಟಿದರೆ ಬೈಗುಳ ಗ್ಯಾರಂಟಿ. ನಾವು ದೀಪಾವಳಿಗೆ ಹಿಂದಿರುಗಿಸುವ ತಟ್ಟೆಯಲ್ಲೂ ಚಕ್ಕುಲಿ ಇರುತ್ತದೆ. ಒಂದೇ ಚಕ್ಕುಲಿ ಹೋಗಿ ಬಂದಂತೆ ಕಾಣುತ್ತದೆ, ಯಾರೂ ಗಮನಿಸಿದಂತೆ ತೋರಿಸಿಕೊಳ್ಳುವುದಿಲ್ಲ.

ದಂಡುಪ್ರದೇಶ

ಬೆಂಗಳೂರಿನ ಬೇಕರಿ ಎಂದರೆ ಅಯ್ಯಂಗಾರರದ್ದು ಮಾತ್ರ ಎಂಬಂತೆ ಮಾತು ಹೋಗುತ್ತಿದೆ. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರದು. ಗುಡ್ ಫ್ರೈಡೇಗೆ ಮೇಲೆ ಶಿಲುಬೆಯ ಗುರುತಿರುವ ಬನ್ನು, ರಂಜಾನಿನಲ್ಲಿ ಖೀಮಾ ಸಮೋಸ. ಎರಡನ್ನೂ ಒಂದೇ ಕಟ್ಟೆಯ ಮೇಲಿಂದ ಒಂದೇ ಕೈ ಕೊಡುತ್ತದೆ. ನಾನು ಹಿಂದೂ, ಎರಡಕ್ಕೂ ಕಾಯುತ್ತೇನೆ.

ಇನ್ನು ಕಾಂಗ್ರೆಸ್ ಕಡಲೆಕಾಯಿ ಬೀಜ. 1969ರಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು, ಒಡೆಯುವ ಮುಂಚಿನ ಆ ಬಿಸಿ ಅಧಿವೇಶನ ನಡೆದದ್ದು ನಮ್ಮ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಎರಡು ಹೋಳಾದ ಖಾರದ ಬೀಜಕ್ಕೆ ಆ ಹೆಸರು ಬಿತ್ತೆಂಬ ಕಥೆ ಊರಿಗೆಲ್ಲ ಗೊತ್ತು. ಕಥೆಯೆಂದೇ ಇಟ್ಟುಕೊಳ್ಳಿ. ರಾಜಕೀಯ ಪಕ್ಷ ಒಡೆದದ್ದನ್ನು ಒಗ್ಗರಣೆ ಹಾಕಿ ಪೊಟ್ಟಣ ಕಟ್ಟಿ ತಿನ್ನುವ ಊರು ನಮ್ಮದು ಎಂದು ನನಗೆ ಹೆಮ್ಮೆ.

ರೊಟ್ಟಿಬುತ್ತಿ

ಜೋಳದ ಪಾಸ್‌ಪೋರ್ಟ್ ತೆಗೆದು ನನ್ನ ಬಾಯಿ ಮುಚ್ಚಿಸಿದಿರಿ ಮೇಡಂ. ಆದರೂ ಒಂದು ಮಾತು ಉಳಿಯಿತು. ಸಾವಿರಾರು ವರ್ಷ ಹೊಲದಲ್ಲಿ ಬೆಳೆದು ಬಂದದ್ದು ಬೇರೆ, ಮೂಟೆಯಲ್ಲಿ ಇಳಿದದ್ದು ಬೇರೆ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿಗೆ ಚರಗ ಚೆಲ್ಲಿ ಆಮೇಲೆ ನಾವು ಉಣ್ಣುತ್ತೇವೆ. ಆ ರೊಟ್ಟಿಗೂ ಕಾಲಡಿಯ ಮಣ್ಣಿಗೂ ನಂಟಿದೆ. ನಿಮ್ಮ ಬನ್ನಿಗೆ ಯಾವ ಹೊಲ ಗೊತ್ತು?

ತಿಂಡಿಟಿಪ್ಪಣಿ

ಹೊಲ ಗೊತ್ತಿಲ್ಲ ಸರ್. ಬೀದಿ ಗೊತ್ತು. ಯಾರಿಗೆ ಜ್ವರ ಬಂದಿದೆ ಎಂದು ಬೇಕರಿಗೆ ಮೊದಲು ತಿಳಿಯುತ್ತದೆ, ಏಕೆಂದರೆ ಆ ಮನೆಯಿಂದ ಹಾಲಿನೊಂದಿಗೆ ಕೊಡಲು ಬ್ರೆಡ್ಡು ತರಲು ಬರುತ್ತಾರೆ. ನಮ್ಮಜ್ಜಿ ಹೊರಗಿನ ಒಂದು ಲೋಟ ಕಾಫಿಯನ್ನೂ ಮುಟ್ಟದವರು, ಕೊನೆಯ ಆರು ತಿಂಗಳು ರಸ್ಕು ಹಾಲಿನ ಮೇಲೆಯೇ ಇದ್ದರು. ರಸ್ಕು ತರಲು ಹೋದಾಗ ಅಂಗಡಿಯವರು ಕೇಳದೆಯೇ ಪುಡಿಯಾಗದ, ಹೆಚ್ಚು ಕೆಂಪಾಗದ ಹೋಳುಗಳನ್ನು ಆರಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲಿಂದ ಇಳಿಬಿದ್ದ ದಾರ ಎಳೆದು ಕಟ್ಟಿ ಕೊಡುತ್ತಿದ್ದರು. ಅಜ್ಜಿ ಹೋದ ವಾರ ನಾನು ಅಂಗಡಿಯ ಮುಂದೆ ಹಾದಾಗ ಅವರು ದಾರಕ್ಕೆ ಕೈ ಹಾಕಿದವರು ನನ್ನ ಮುಖ ನೋಡಿ ಕೈ ಕೆಳಗಿಳಿಸಿದರು. ಸಂಪಾದಕರಿಗೆ ಕಳಿಸಿದ ಲೇಖನದಲ್ಲಿ ಇದನ್ನು ಬರೆದಿರಲಿಲ್ಲ. ಬರೆಯಬೇಕಿತ್ತು.

ರೊಟ್ಟಿಬುತ್ತಿ

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ ಬಿಡಿ.

ಭಟ್ಟಿಮನೆ ಅವರೇ, ನಿಮ್ಮ ತಂದೆಯವರ ಅಂಗಡಿ ಇನ್ನೂ ಇದೆಯೇ? ಬರುವ ವಾರ ಮಗಳ ಕಾಲೇಜಿನ ಕೆಲಸಕ್ಕೆ ಬೆಂಗಳೂರಿಗೆ ಬರುತ್ತಿದ್ದೇನೆ. ಆ ಕುಂಬಳಕಾಯಿಯ ದಮ್ ರೋಟನ್ನು ಒಮ್ಮೆ ತಿಂದು ನೋಡಿಯೇ ಬೈಯಬೇಕೆಂದಿದ್ದೇನೆ.

ಭಟ್ಟಿಮನೆ

ಇದೆ. ಆದರೆ ಕಮಾನು ಬಿರುಕು ಬಿಟ್ಟಿತು, ಅದನ್ನು ಕಟ್ಟುವ ಗಾರೆಯವರು ಈಗ ಸಿಗುವುದಿಲ್ಲ. ಪಕ್ಕದಲ್ಲಿ ಬಂದ ಹೊಸ ಮನೆಯವರಿಗೆ ಹೊಗೆಯ ತಕರಾರೂ ಇತ್ತು. ಎರಡು ವರ್ಷದ ಹಿಂದೆ ಗ್ಯಾಸಿನ ಒಲೆ ಬಂತು. ಮೊದಲ ತಿಂಗಳು ಬನ್ನಿನ ಮೇಲೆ ಬಣ್ಣ ಬಂದರೆ ಒಳಗೆ ಹಸಿ, ಒಳಗೆ ಬೆಂದರೆ ಹೊರಗೆ ಒರಟು. ಮೂರು ದಿನ ಅಷ್ಟೂ ಬನ್ನನ್ನು ಹಸುಗಳಿಗೆ ಹಾಕಿದೆವು. ಈಗ ಒಲೆ ಕೈಗೆ ಹತ್ತಿದೆ. ಭಟ್ಟಿಯ ಮುಂದೆ ನಿಲ್ಲುವವರಲ್ಲಿ ಇಬ್ಬರು ಅಸ್ಸಾಮಿನ ಹುಡುಗರು. ಖಾರ ಬನ್ನಿನ ಹಿಟ್ಟಿನ ಹದ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಸನದ ಕಡೆಯಿಂದ ಈಗ ಯಾರೂ ಟ್ರೇ ತೊಳೆಯಲು ಬರುವುದಿಲ್ಲ, ನಾನೂ ಕಂಪ್ಯೂಟರ್ ಕೆಲಸಕ್ಕೆ ಹೋದವನೇ.

ಗ್ಯಾಸಿನ ಒಲೆಗೆ ಉಷ್ಣತೆ ತೋರಿಸುವ ಮುಳ್ಳು ಇದೆ. ತಂದೆಯವರು ಅದರ ಕಡೆ ನೋಡುವುದಿಲ್ಲ. ಇವತ್ತಿಗೂ ಬಾಗಿಲು ತೆಗೆದು ಒಂದು ಚಿಟಿಕೆ ಮೈದಾ ಎರಚುತ್ತಾರೆ. ಒಲೆ ಸರಿಪಡಿಸಲು ಬಂದ ಹುಡುಗ ‘ಒಳಗೆ ಏನಿದು ಸುಟ್ಟ ಪುಡಿ’ ಎಂದು ದಿಗಿಲಾಗಿ ಫೋಟೊ ತೆಗೆದುಕೊಂಡು ಹೋದ.

ನೀವು ಬನ್ನಿ. ದಮ್ ರೋಟ್ ದಿನಾ ಮಾಡುವುದಿಲ್ಲ, ಶುಕ್ರವಾರ ಮತ್ತು ಭಾನುವಾರ ಮಾತ್ರ. ಹನ್ನೊಂದರೊಳಗೆ ಬಂದರೆ ಮೂಲೆಯ ತುಂಡು ಸಿಗುತ್ತದೆ, ಎರಡು ಕಡೆ ಗರಿಯಿರುತ್ತದೆ.

ರೊಟ್ಟಿಬುತ್ತಿ

ಹಾಗಾದರೆ ಶುಕ್ರವಾರ. ಅವ್ವ ಇಪ್ಪತ್ತೈದು ಖಡಕ್ ರೊಟ್ಟಿ ಕಟ್ಟಿ ಕಳಿಸುತ್ತಾಳಂತೆ, ನಿಮ್ಮ ತಂದೆಯವರಿಗೆ ಹಲ್ಲು ಗಟ್ಟಿ ಇವೆಯೇ ಎಂದು ಕೇಳುತ್ತಿದ್ದಾಳೆ.

ಭಟ್ಟಿಮನೆ

ಮೇಲಿನ ಸಾಲಿನಲ್ಲಿ ನಾಲ್ಕಿವೆ. ಹಾಲಿನಲ್ಲಿ ನೆನೆಸಿಕೊಳ್ಳುತ್ತಾರಂತೆ.

ಗೋಧಿನುಚ್ಚು

ಸಕ್ಕರೆ ಹಾಕದ ಹಾಲು ಎಂದು ಹೇಳಿ.